ಇಸ್ಪೀಟ್ ಎಕ್ಕದ ಪಡೆ: ಹಳೇ ಬಿಲ್ಲೆಯೊಂದನ್ನು ಮತ್ತೆ ಹೊಲಿದ ಅನುಭವ

ದಾವಣಗೆರೆಯಲ್ಲಿ ನಾನು ಎಂಬ್ರಾಯ್ಡರಿ ಕೆಲಸ ಶುರು ಮಾಡಿ ಹತ್ತೊಂಬತ್ತು ವರ್ಷ ಆಯ್ತು. ಚೌಕಿಪೇಟೆ ಅಂಗಡಿಗಳಿಂದ ಬರುವ ಬ್ಲೌಸ್ ಪೀಸು, ಶಾಲೆ ಯೂನಿಫಾರಂ ಜೇಬಿನ ಗುರುತು, ಇವೇ ದಿನದ ಕೆಲಸ. ಶಾಲೆಯ ಗುರುತು ಸಾವಿರಾರು ಹೊಲಿದಿದ್ದೇನೆ. ಸೈನ್ಯದ ಗುರುತು ಹೊಲಿದದ್ದು ಒಂದೇ ಒಂದು. ಅದಕ್ಕೆ ಎರಡು ತಿಂಗಳು ಹಿಡಿಯಿತು.

ಹರಿಹರದ ಕಡೆಯ ಮೇಷ್ಟ್ರೊಬ್ಬರು ಒಂದು ಸಂಜೆ ಬಂದು ಪ್ಲಾಸ್ಟಿಕ್ ಕವರ್‌ನಿಂದ ಒಂದು ತುಂಡು ಬಟ್ಟೆ ತೆಗೆದು ಮೇಜಿನ ಮೇಲೆ ಇಟ್ಟರು. ಎರಡು ಇಂಚಿನ ಚೌಕ. ಒಣಗಿದ ಮೆಹಂದಿ ಪುಡಿಯ ಬಣ್ಣ. ನಡುವೆ ಕಂದು ತಿರುಗಿದ ಕಪ್ಪಿನಲ್ಲಿ ಇಸ್ಪೀಟ್ ಎಕ್ಕದ ಗುರುತು.

‘ಅಕ್ಕಾರೇ, ಇದು ನಮ್ಮ ತಾತಂದು. ಅವ್ವನ ಅಪ್ಪಂದು. ಮಿಲಿಟರಿಯಲ್ಲಿ ಇದ್ರು. ಇದೇ ಥರ ಹೊಸದೊಂದು ಮಾಡಿಕೊಡ್ರಿ, ಫ್ರೇಮ್ ಹಾಕಿಸ್ಬೇಕು’ ಅಂದರು.

ನಾನು ತಕ್ಷಣ ಒಪ್ಪಲಿಲ್ಲ. ಮಿಲಿಟರಿ ಅಂದರೆ ಹುಲಿ, ಆನೆ, ಕತ್ತಿ ಇರುತ್ತೆ, ಇಸ್ಪೀಟ್ ಯಾಕಿರುತ್ತೆ ಅನ್ನಿಸಿತು. ನಮ್ಮ ಕಡೆ ಯುಗಾದಿ ಬಂದರೆ ಗೊತ್ತಲ್ಲ, ಮರದ ಕೆಳಗೆ, ಕಟ್ಟೆ ಮೇಲೆ, ಎಲ್ಲಿ ನೋಡಿದರೂ ಎಲೆ ಹಾಕ್ತಾ ಕೂತಿರುತ್ತಾರೆ. ಮನೆ ಕಳೆದುಕೊಂಡವರೂ ಇದ್ದಾರೆ. ಮೇಷ್ಟ್ರು ಹೇಳಿದ್ದೂ ಅದನ್ನೇ. ಅವರ ಅಜ್ಜಿ ಇದನ್ನು ಜೂಜಿನ ಕ್ಲಬ್ಬಿನ ಬಿಲ್ಲೆ ಅಂದುಕೊಂಡು ಟ್ರಂಕಿನ ತಳದಲ್ಲಿ, ಹಾಸಿದ ಪೇಪರಿನ ಕೆಳಗೆ ಬಚ್ಚಿಟ್ಟಿದ್ದರಂತೆ. ತಾತ ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ಅಜ್ಜಿಯೂ ಕೇಳಲಿಲ್ಲ. ಹಾಗೇ ಎಪ್ಪತ್ತು ವರ್ಷ ಹೋಯಿತು.

ಏನು ಅಂತ ತಿಳಿಯದೆ ನಾನು ಯಾವ ಗುರುತನ್ನೂ ಹೊಲಿಯುವುದಿಲ್ಲ. ತಾತನ ಕಾಗದ ಏನಾದರೂ ಇದ್ದರೆ ತನ್ನಿ ಅಂದೆ. ಮುಂದಿನ ವಾರ ಸೈನ್ಯದಿಂದ ಬಿಡುಗಡೆಯಾದ ಪತ್ರ ತಂದರು. ಮಡಿಕೆಯಲ್ಲೆಲ್ಲ ಹರಿದಿತ್ತು. ಬೆಂಗಳೂರಿನಲ್ಲಿ ಸೇತುವೆ, ದಾರಿ ಮಾಡಿಕೊಡುವ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ಗೆ ಸೇರಿದ್ದು, ಆಮೇಲೆ 25ನೇ ಡಿವಿಷನ್, 51ನೇ ಬ್ರಿಗೇಡ್ ಜೊತೆ ಬರ್ಮಾದ ಅರಾಕಾನ್‌ಗೆ ಹೋದದ್ದು ಅದರಲ್ಲಿತ್ತು. ಅಲ್ಲಿಂದ ನನ್ನ ಓದು ಶುರುವಾಯಿತು. ರಾತ್ರಿ ಮೆಷಿನ್ ನಿಲ್ಲಿಸಿದ ಮೇಲೆ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಓದುತ್ತಿದ್ದೆ.

25ನೇ ಇನ್‌ಫಂಟ್ರಿ ಡಿವಿಷನ್ ಕಟ್ಟಿದ್ದೇ ನಮ್ಮ ಬೆಂಗಳೂರಿನಲ್ಲಿ, 1942ರ ಆಗಸ್ಟ್‌ನಲ್ಲಿ. ಅದರ ಕೆಳಗೆ ಮೂರು ಬ್ರಿಗೇಡು: 51, 53, 74. ಒಂದು ಬ್ರಿಗೇಡ್ ಅಂದರೆ ಸಾಮಾನ್ಯವಾಗಿ ಮೂರು ಬೆಟಾಲಿಯನ್, ಅಂದರೆ ಮೂರು ಸಣ್ಣ ದಳ. ಇಡೀ ಡಿವಿಷನ್ನಿನ ಗುರುತು ಇಸ್ಪೀಟ್ ಎಕ್ಕ. ಕಾಲಾಳು, ಫಿರಂಗಿಯವರು, ಸೇತುವೆ ಕಟ್ಟುವ ಸ್ಯಾಪರು, ಲಾರಿ ಓಡಿಸುವವರು, ಎಲ್ಲರ ತೋಳಿಗೂ ಅದೇ ಬಿಲ್ಲೆ. ಗಾಡಿಗಳ ಮೇಲೂ ಅದನ್ನೇ ಬರೆಯುತ್ತಿದ್ದರು.

ಆ ಎರಡನೇ ಮಹಾಯುದ್ಧದಲ್ಲಿ ಪಡೆಗಳ ಗುರುತಿನಲ್ಲಿ ಸಾಮಾನ್ಯವಾಗಿ ನಂಬರ್ ಹಾಕುತ್ತಿರಲಿಲ್ಲ. ಯಾವ ಪಡೆ ಎಲ್ಲಿದೆ ಅಂತ ಶತ್ರುವಿಗೆ ಗೊತ್ತಾಗಬಾರದು. ಆದರೆ ನಮ್ಮವರಿಗೆ ದೂರದಿಂದಲೇ ಗೊತ್ತಾಗಬೇಕು. ಪಂಜಾಬಿ, ತಮಿಳ, ಗೋರ್ಖಾ, ಮರಾಠ, ಇಂಗ್ಲೆಂಡಿನವನು, ಯಾರು ಯಾವ ಅಕ್ಷರ ಓದುತ್ತಾರೋ, ಕೆಲವರು ಓದುವುದೇ ಇಲ್ಲವೋ. ಅದಕ್ಕೇ ಚಿತ್ರ. 4ನೇ ಡಿವಿಷನ್‌ಗೆ ಕೆಂಪು ಹದ್ದು, 17ಕ್ಕೆ ಕರಿ ಬೆಕ್ಕು, 19ಕ್ಕೆ ಕಠಾರಿ. ನಮ್ಮ 25ನೇ ಡಿವಿಷನ್ನಿನ ಮೇಲಿನ ದೊಡ್ಡ ಪಡೆ, 15ನೇ ಕೋರ್‌ನವರು ಮೂರು ‘ವಿ’ ಅಕ್ಷರ ಹಾಕಿಕೊಂಡಿದ್ದರು. ರೋಮನ್ ಲೆಕ್ಕದಲ್ಲಿ ಒಂದು ‘ವಿ’ ಅಂದರೆ ಐದು, ಮೂರು ಸೇರಿದರೆ ಹದಿನೈದು. ಗೊತ್ತಿದ್ದವರಿಗೆ ಮಾತ್ರ ನಂಬರ್ ಕಾಣುತ್ತೆ.

ಇಸ್ಪೀಟ್ ಎಕ್ಕವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಎಲೆ ಹಿಡಿದವರಿಗೆಲ್ಲ ಗೊತ್ತು, ರಾಜ ಬಂದರೂ ರಾಣಿ ಬಂದರೂ ಎಕ್ಕದ ಮುಂದೆ ನಿಲ್ಲಲ್ಲ. ಅಜ್ಜಿ ಕಂಡದ್ದು ಜೂಜು. ಆ ಹುಡುಗರು ತೋಳಿನ ಮೇಲೆ ಹೊತ್ತದ್ದು, ನಮ್ಮನ್ನು ಹೊಡೆಯುವ ಎಲೆ ಇಲ್ಲ ಅನ್ನುವ ಮಾತು. ನಾನು ಹಾಗೆ ಓದಿಕೊಂಡೆ.

51ನೇ ಬ್ರಿಗೇಡಿನ ಕಥೆ ಓದುವಾಗ ಮೈ ಜುಂ ಅಂದಿತು. ಆಗಿನ ಪದ್ಧತಿಯಲ್ಲಿ ಒಂದು ಬ್ರಿಗೇಡಿನಲ್ಲಿ ಸಾಮಾನ್ಯವಾಗಿ ಒಂದು ಬ್ರಿಟಿಷ್ ಬೆಟಾಲಿಯನ್ ಇರುತ್ತಿತ್ತು. ಭಾರತೀಯ ಬೆಟಾಲಿಯನ್ನಿಗೂ ಕಮಾಂಡರ್ ಬ್ರಿಟಿಷರೇ. ನಮ್ಮವರು ಆ ಜಾಗಕ್ಕೆ ಬರುವುದೇ ಅಪರೂಪ. ಇಲ್ಲಿ ನೋಡಿದರೆ ಮೂರಕ್ಕೆ ಮೂರೂ ಭಾರತೀಯ ಬೆಟಾಲಿಯನ್, ಮೂವರೂ ಭಾರತೀಯ ಕಮಾಂಡರು. 8/19 ಹೈದರಾಬಾದ್‌ಗೆ (ಅಂದರೆ 19ನೇ ಹೈದರಾಬಾದ್ ರೆಜಿಮೆಂಟಿನ 8ನೇ ಬೆಟಾಲಿಯನ್ನಿಗೆ) ನಮ್ಮ ಕೊಡಗಿನ ತಿಮ್ಮಯ್ಯ. 2/2 ಪಂಜಾಬ್‌ಗೆ ಮರಾಠಿಗರಾದ ಎಸ್‌.ಪಿ.ಪಿ. ಥೋರಟ್. 16/10 ಬಲೂಚ್‌ಗೆ ಬಂಗಾಳಿ ಎಲ್‌.ಪಿ. ಸೇನ್. ಬ್ರಿಗೇಡಿಯರ್ ಹಟನ್ ಮಾತ್ರ ಬ್ರಿಟಿಷರು. ಇದಕ್ಕೆ ‘ಆಲ್ ಇಂಡಿಯನ್ ಬ್ರಿಗೇಡ್’ ಅಂತಲೇ ಹೆಸರು ಬಿತ್ತು.

1945ರ ಜನವರಿ ಕೊನೆಯಲ್ಲಿ ಬರ್ಮಾದ ಅರಾಕಾನ್ ಕರಾವಳಿಯಲ್ಲಿ ಕಂಗಾವ್ ಅನ್ನುವ ಹಳ್ಳಿಯ ಹತ್ತಿರ ದೊಡ್ಡ ಕಾಳಗ ಆಯಿತು. ಹಿಂದೆ ಸರಿಯುತ್ತಿದ್ದ ಜಪಾನಿಯರಿಗೆ ಇದ್ದ ರಸ್ತೆ ಅದೇ ಊರಿನ ಪಕ್ಕ ಹೋಗುತ್ತಿತ್ತು. ಅದನ್ನು ಮುರಿಯಬೇಕಿತ್ತು. ಅಲ್ಲಿ ನೆಲ ಅಂದರೆ ನೆಲ ಅಲ್ಲ, ಸಮುದ್ರದ ನೀರು ನುಗ್ಗುವ ಕಾಲುವೆ, ಮ್ಯಾಂಗ್ರೋವ್ ಗಿಡ, ಮೊಣಕಾಲವರೆಗೂ ಕೆಸರು. ದೋಣಿಯಲ್ಲೇ ಹೋಗಬೇಕು. ಮೊದಲು ಕಮಾಂಡೋಗಳು ಇಳಿದರು, ಹಿಂದೆಯೇ 51ನೇ ಬ್ರಿಗೇಡ್. ಮೆಲ್ರೋಸ್ ಅಂತ ಹೆಸರಿಟ್ಟಿದ್ದ ಗುಡ್ಡವನ್ನು ಜನವರಿ 29ರಂದು ಹಿಡಿದರು. ಥೋರಟ್ ಅವರ ಪಂಜಾಬಿಗಳು ಕೊನೆಗೆ ಬಯೊನೆಟ್ ಹಿಡಿದೇ ನುಗ್ಗಬೇಕಾಯಿತು. ಮೂವರು ಕಮಾಂಡರಿಗೂ ಬ್ರಿಟಿಷ್ ಸೇನಾ ಗೌರವವಾದ ಡಿಎಸ್‌ಒ ಪದಕ ಬಂತು. ಅದಕ್ಕೆ ಎರಡು ತಿಂಗಳು ಮೊದಲೇ, 1944ರ ನವೆಂಬರ್‌ನಲ್ಲಿ, ಬಲೂಚ್ ಬೆಟಾಲಿಯನ್ನಿನ ಸಿಪಾಯಿ ಭಂಡಾರಿ ರಾಮ್ ಗಾಯಗೊಂಡ ಮೇಲೂ ತೆವಳಿಕೊಂಡೇ ಹೋಗಿ ಮೆಷಿನ್‌ಗನ್ ಬಾಯಿ ಮುಚ್ಚಿಸಿ ವಿಕ್ಟೋರಿಯಾ ಕ್ರಾಸ್ ಪಡೆದಿದ್ದರು. ಆ ಎಲ್ಲ ತೋಳಿನ ಮೇಲೂ ನನ್ನ ಮೇಜಿನ ಮೇಲಿದ್ದ ಈ ಎಕ್ಕವೇ ಗುರುತು.

ಈಗ ಹೊಲಿಗೆಯ ವಿಷಯ.

ಹಳೇ ಬಿಲ್ಲೆಯನ್ನು ತೊಳೆಯಲಿಲ್ಲ. ಮೆತ್ತನೆ ಬ್ರಷ್‌ನಲ್ಲಿ ಧೂಳು ಮಾತ್ರ ತೆಗೆದೆ. ಆಮೇಲೆ ತಿರುಗಿಸಿ ನೋಡಿದೆ. ಹಳೇ ಬಟ್ಟೆಯ ನಿಜ ಬಣ್ಣ ಯಾವಾಗಲೂ ಹಿಂಬದಿಯಲ್ಲಿ, ಒಳಗೆ ಮಡಿಸಿದ ಅಂಚಿನಲ್ಲಿ ಉಳಿದಿರುತ್ತೆ, ಬಿಸಿಲು ಅಲ್ಲಿಗೆ ಹೋಗಿರಲ್ಲ. ಅಂಚನ್ನು ಸೂಜಿ ತುದಿಯಲ್ಲಿ ಸ್ವಲ್ಪ ಎತ್ತಿದೆ. ಒಳಗೆ ದಟ್ಟ ಹಸಿರು, ಈಗಷ್ಟೇ ಬಣ್ಣ ಹಾಕಿದ ಹಾಗೆ. ದಾರವೂ ಹಿಂದೆ ಕಡುಗಪ್ಪು. ಹೊಲಿಗೆ ಸರಪಳಿ ಹೊಲಿಗೆ. ಹೊರಗಿನ ಗೆರೆಯಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ಒಳಗೆ ಬಂದು ನಡುವೆ ಗಂಟು ಹಾಕಿದ್ದ. ಒಂದೇ ದಾರ, ಎಲ್ಲೂ ಕತ್ತರಿಸಿಲ್ಲ. ಯಾವುದೋ ಪೇಟೆಯ ದರ್ಜಿ ಕೂತು ಹೊಲಿದದ್ದು ಅಂತ ನೋಡಿದ ಕೂಡಲೇ ಗೊತ್ತಾಯಿತು. ಎಡ ಅಂಚಿನಲ್ಲಿ ಒಂದು ಕಡೆ ಅವನ ಕೈ ಸ್ವಲ್ಪ ಜಾರಿದೆ.

ಬಟರ್ ಪೇಪರಿನ ಮೇಲೆ ಗುರುತು ಇಳಿಸಿ, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿದೆ. ಸೀಮೆಎಣ್ಣೆಯಲ್ಲಿ ಬಿಳಿ ಪುಡಿ ಕಲಸಿ, ಬಟ್ಟೆ ಉಂಡೆಯಿಂದ ಒರೆಸಿದರೆ ತೂತಿನಲ್ಲಿ ಇಳಿದು ಬಟ್ಟೆ ಮೇಲೆ ಚುಕ್ಕಿ ಗೆರೆ ಬೀಳುತ್ತೆ. ನಮ್ಮ ಕೆಲಸದವರೆಲ್ಲ ಮಾಡುವುದು ಹೀಗೇ. ಮೊದಲ ಸಲ ಹೊಲಿದಾಗ ಹೊಟ್ಟೆ ಸ್ವಲ್ಪ ಅಗಲ ಮಾಡಿದೆ, ಕಾಲನ್ನು ನೆಟ್ಟಗೆ ಬಿಟ್ಟೆ. ಮೇಷ್ಟ್ರ ಅವ್ವ ನೋಡಿ, ‘ಇದು ಅರಳಿ ಎಲೆ ಅಲ್ವೇನವ್ವಾ?’ ಅಂದರು. ಅವರು ಹೇಳಿದ್ದು ಸರಿ. ಕಾಲು ಕೆಳಗೆ ಹೋಗ್ತಾ ಎರಡೂ ಕಡೆ ಅರಳಬೇಕು. ಎರಡು ಕೆನ್ನೆ, ಕಾಲು ಶುರುವಾಗುವ ಜಾಗಕ್ಕಿಂತ ಚೂರು ಕೆಳಗೆ ಜೋತಿರಬೇಕು. ಆ ಕಡ್ಡಿ ಗಾತ್ರದ ಸಂದು ಮುಚ್ಚಿಹೋದರೆ ಇಸ್ಪೀಟು ಎಲೆಯಾಗುತ್ತೆ.

ಎರಡನೆಯದನ್ನು ಕಂಪ್ಯೂಟರ್ ಎಂಬ್ರಾಯ್ಡರಿ ಮಾಡುವ ಒಂದು ಕಡೆ ಕೊಟ್ಟೆ. ಅವರು ಸುತ್ತ ಬಿಳಿ ಕಾರ್ಡು, ಮೂಲೆಯಲ್ಲಿ ಅಕ್ಷರ ಎಲ್ಲ ಸೇರಿಸಿ ನಿಜವಾದ ಇಸ್ಪೀಟ್ ಎಲೆಯನ್ನೇ ಮಾಡಿಟ್ಟಿದ್ದರು. ಹೊಲಿಗೆ ಜಾಸ್ತಿ ತುಂಬಿ ಬಟ್ಟೆ ಸುಕ್ಕಾಗಿತ್ತು. ಅಜ್ಜಿಗೆ ಜೂಜು ಕಂಡದ್ದು ಇದೇ ಕಾರಣಕ್ಕೆ ಅಲ್ವಾ? ಗುರುತು ಬೇರೆ, ಎಲೆ ಬೇರೆ. ದುಡ್ಡು ಕೊಟ್ಟು ವಾಪಸ್ ತಂದೆ, ಮೇಷ್ಟ್ರಿಗೆ ತೋರಿಸಲಿಲ್ಲ.

ಮೂರನೆಯದನ್ನು ನಾನೇ ಆರಿ ಸೂಜಿಯಲ್ಲಿ, ತುದಿಗೆ ಕೊಕ್ಕೆ ಇರುವ ಸೂಜಿಯಲ್ಲಿ, ಮಾಡಿದೆ. ಹಸಿರು ಬನಾತು, ಅಂದರೆ ದಪ್ಪ ಉಣ್ಣೆ ಬಟ್ಟೆ, ಹುಡುಕುವುದಕ್ಕೇ ಹತ್ತು ದಿನ ಆಯಿತು. ರೇಷ್ಮೆ ದಾರ ಹಾಕಲಿಲ್ಲ, ಅದು ಮಿಂಚುತ್ತೆ. ತಾತನ ಬಿಲ್ಲೆಯದು ಹತ್ತಿ ದಾರ, ಬೆಳಕನ್ನು ನುಂಗುತ್ತೆ. ಕಾಡಿನಲ್ಲಿ ಅಡಗಿ ಕೂರುವವನ ತೋಳಿನಲ್ಲಿ ಮಿಂಚು ಇರಬಾರದಲ್ಲ. ಹೊಲಿಯುತ್ತಾ ಇನ್ನೊಂದು ಗಮನಕ್ಕೆ ಬಂತು. ಪ್ರಾಣಿ, ಹಕ್ಕಿಯ ಗುರುತಾದರೆ ಎರಡು ತೋಳಿಗೆ ಎರಡು ಥರ ಹೊಲಿಯಬೇಕು, ಮುಖ ಮುಂದಕ್ಕೆ ಬರುವ ಹಾಗೆ. ಎಕ್ಕಕ್ಕೆ ಎಡ ಬಲ ಇಲ್ಲ. ಒಂದೇ ಅಚ್ಚು ಸಾಕು. ಸಾವಿರಗಟ್ಟಲೆ ಹೊಲಿದ ದರ್ಜಿಗಳಿಗೆ ಎಷ್ಟು ಅನುಕೂಲ ಆಗಿರಬೇಕು!

ನಾನೂ ಆ ದರ್ಜಿಯ ಹಾಗೇ ಹೊರಗಿನಿಂದ ಒಳಕ್ಕೆ ಒಂದೇ ದಾರದಲ್ಲಿ ಬಂದೆ. ಮುಗಿದ ಮೇಲೆ ಗೋಡೆಗೆ ಸಿಕ್ಕಿಸಿ, ಬಾಗಿಲಾಚೆ ರಸ್ತೆಗೆ ಹೋಗಿ ನಿಂತು ನೋಡಿದೆ. ಅಲ್ಲಿಂದಲೂ ಇಸ್ಪೀಟು ಇಸ್ಪೀಟೇ.

ಆ ನಡುವೆ ನೆಂಟರ ಮದುವೆಗೆ ಅಂತ ಕೊಡಗಿಗೆ ಹೋಗಿದ್ದೆವು. ಮಡಿಕೇರಿಯಲ್ಲಿ ತಿಮ್ಮಯ್ಯ ಅವರ ಮನೆ ‘ಸನ್ನಿ ಸೈಡ್’ ಈಗ ಮ್ಯೂಸಿಯಂ ಆಗಿದೆ, 2021ರಲ್ಲಿ ಶುರುವಾಯಿತು. 1906ರಲ್ಲಿ ಹುಟ್ಟಿದವರು, 1957ರಲ್ಲಿ ಇಡೀ ಸೈನ್ಯದ ಮುಖ್ಯಸ್ಥರಾದರು. ಕಾಶ್ಮೀರದ ಯುದ್ಧದಲ್ಲಿ ಜೋಜಿಲಾ ಕಣಿವೆಗೆ ಟ್ಯಾಂಕ್ ಹತ್ತಿಸಿದ ಕಥೆ ಎಲ್ಲರಿಗೂ ಗೊತ್ತು. ನಾನು ಮಾತ್ರ ಅವರ ಫೋಟೋ ಮುಂದೆ ನಿಂತು ಕಂಗಾವ್ ಕೆಸರಿನ ಬಗ್ಗೆ ಯೋಚಿಸುತ್ತಿದ್ದೆ. ಹರಿಹರದ ಕಡೆಯ ಒಬ್ಬ ಸ್ಯಾಪರ್ ಅದೇ ಕೆಸರಿನಲ್ಲಿ ಇವರ ಹುಡುಗರಿಗೆ ದಾರಿ ಮಾಡಿಕೊಟ್ಟಿರಬಹುದು ಅಂತ.

ಫ್ರೇಮ್ ಕೊಡುವ ದಿನ ನಾನೇ ಅವರ ಊರಿಗೆ ಹೋದೆ. ಹಳೇದು ಹೊಸದು ಎರಡನ್ನೂ ಅಕ್ಕಪಕ್ಕ ಇಡಿಸಿದ್ದೆ. ಗಾಜು ಹಾಕಿಸುವ ಮೊದಲು ಅವ್ವ ಒಂದು ಸಲ ಮುಟ್ಟಲಿ ಅಂತ ಹೊಸದನ್ನು ಕೈಗೆ ಕೊಟ್ಟೆ. ಅವರಿಗೆ ಎಂಬತ್ತರ ಹತ್ತಿರ, ಕಣ್ಣು ಅಷ್ಟಾಗಿ ಕಾಣಲ್ಲ. ಬೆರಳಿನಲ್ಲೇ ಗುರುತಿನ ಸುತ್ತ ಹೋದರು. ಕಂಗಾವ್ ಕಥೆ, ಮೂವರು ಕಮಾಂಡರ ಕಥೆ, ಎಕ್ಕ ಯಾಕೆ ಅನ್ನುವುದು, ಎಲ್ಲ ಹೇಳಿದೆ. ಮಧ್ಯೆ ಮಾತಾಡಲಿಲ್ಲ. ಕೊನೆಗೆ, ‘ನಮ್ಮಪ್ಪ ಇದನ್ನ ಎಲ್ಲಿ ಹಾಕ್ಕೊಂಡಿದ್ದ?’ ಅಂತ ಕೇಳಿದರು.

‘ತೋಳಿನ ಮೇಲೆ, ಭುಜದ ಹತ್ರ’ ಅಂದೆ.

ಮಗನನ್ನು ಹತ್ತಿರ ಕರೆದು, ಅವರ ಅಂಗಿಯ ಭುಜದ ಹೊಲಿಗೆಯನ್ನು ಬೆರಳಿನಿಂದ ತಡವಿ ಹುಡುಕಿ, ಅದರ ಕೆಳಗೆ ಬಿಲ್ಲೆಯನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡರು.