ಕ್ಯಾರವಾನ್ ಆವ್ನಿಂಗ್ ಬಟ್ಟೆ ಬದಲಿಸಿದೆ, ಸ್ಪ್ರಿಂಗ್ ಬಗ್ಗೆ ಹುಷಾರು

ನಮ್ಮ ಕ್ಯಾರವಾನ್‌ನ (ಗಾಲಿ ಮೇಲಿನ ಮನೆಯ) ಆವ್ನಿಂಗ್, ಅಂದರೆ ಪಕ್ಕಕ್ಕೆ ಬಿಚ್ಚುವ ನೆರಳಿನ ಚಾವಣಿಯ ಬಟ್ಟೆ, ಬಿಸಿಲಿಗೆ ಲಡ್ಡಾಗಿ ಹೊಲಿಗೆಯ ಉದ್ದಕ್ಕೂ ಹರಿದಿತ್ತು. ಅದನ್ನು ಹಿಡಿದಿಡುವ ತೋಳುಗಳೂ ಬಟ್ಟೆ ಸುತ್ತಿಕೊಳ್ಳುವ ರೋಲರ್ ಕೊಳವೆಯೂ ಗಟ್ಟಿಯಾಗಿದ್ದವು. ಹಾಗಾಗಿ ಬಟ್ಟೆ ಮಾತ್ರ ಬದಲಿಸಿದೆ.

ಬಟ್ಟೆಯ ಕೆಲಸ ಸುಲಭ. ಅಪಾಯ ಇರುವುದು ಕೊಳವೆಯ ತುದಿಯೊಳಗಿನ ಸ್ಪ್ರಿಂಗ್‌ನಲ್ಲಿ. ಆವ್ನಿಂಗ್ ಹೊರಗೆಳೆದಷ್ಟೂ ಅದು ಬಿಗಿಯಾಗುತ್ತದೆ. ಕೈ ಜಾರಿದರೆ ಗಿರ್ರನೆ ತಿರುಗಿ ಬೆರಳು ಮುರಿಯಬಹುದು. ಅದಕ್ಕೇ ತೋಳಿನಿಂದ ಕಳಚುವ ಮೊದಲೇ ಎರಡೂ ತುದಿಯ ಲಾಕ್ ತೂತಿಗೆ ಪಿನ್ ಹಾಕಿದೆ. ಕಳಚಿದ ಮೇಲೆ ಸ್ಪ್ರಿಂಗ್‌ನ ತುದಿಯನ್ನು ಲಾಕಿಂಗ್ ಪ್ಲೈಯರ್‌ನಿಂದ (ಹಿಡಿದಲ್ಲೇ ಲಾಕ್ ಆಗುವ ಇಕ್ಕಳ) ಬಿಗಿಯಾಗಿ ಹಿಡಿದು, ಪಿನ್ ತೆಗೆದು, ನಿಧಾನವಾಗಿ ಬಿಗಿ ಬಿಟ್ಟೆ. ಎಷ್ಟು ಸುತ್ತು, ಯಾವ ಕಡೆಗೆ ಅಂತ ಟೇಪ್ ಮೇಲೆ ಬರೆದಿಟ್ಟೆ. ಒಂದು ತುದಿಯಿಂದ ನೋಡಿದಾಗ ಕಾಣುವ ದಿಕ್ಕು ಇನ್ನೊಂದು ತುದಿಯಿಂದ ಉಲ್ಟಾ ಕಾಣುತ್ತದೆ, ನೆನಪಿರಲಿ.

ಬಟ್ಟೆಯ ಅಂಚು ಕೂರುವ ಉದ್ದನೆಯ ಸೀಳುಗಳನ್ನು ಒರೆಸಿ ಸಿಲಿಕಾನ್ ಸ್ಪ್ರೇ ಹೊಡೆದರೆ ಹೊಸ ಬಟ್ಟೆ ಸರಾಗವಾಗಿ ಜಾರುತ್ತದೆ. ಒಬ್ಬರು ಎಳೆಯಬೇಕು, ಇನ್ನೊಬ್ಬರು ಒಳಕ್ಕೆ ಬಿಡಬೇಕು. ಒಬ್ಬರೇ ಮಾಡುವ ಕೆಲಸ ಅಲ್ಲವೇ ಅಲ್ಲ.

ಸ್ಪ್ರಿಂಗ್ ಸುತ್ತುವಾಗ ನನ್ನ ಲೆಕ್ಕವನ್ನು ಕೈಪಿಡಿಯ ಲೆಕ್ಕದ ಜೊತೆ ತಾಳೆ ನೋಡಿದೆ. ಮಾಡೆಲ್, ಉದ್ದ ಬದಲಾದರೆ ಸುತ್ತೂ ಬದಲಾಗುತ್ತದೆ. ಸುಮ್ನೆ ಜಾಸ್ತಿ ಸುತ್ತಿದರೆ ಮಡಚುವಾಗ ಆವ್ನಿಂಗ್ ರಪ್ಪನೆ ಬಂದು ಬಡಿಯುತ್ತದೆ. ಕಡಿಮೆಯಾದರೆ ಬಟ್ಟೆ ಜೋಲು ಬೀಳುತ್ತದೆ. ಸುತ್ತಿ ಮುಗಿಸಿ ಮತ್ತೆ ಪಿನ್ ಹಾಕಿದೆ; ಕೊಳವೆಯನ್ನು ತೋಳಿಗೆ ಬೋಲ್ಟ್ ಹಾಕಿ ಬಿಗಿದ ಮೇಲೆಯೇ ಆ ಪಿನ್ ತೆಗೆದೆ. ಮೊದಲ ಸಲ ಮಡಚುವಾಗ ಆವ್ನಿಂಗ್ ಎಳೆಯುವ ಪಟ್ಟಿಯನ್ನು ಕೈಯಲ್ಲೇ ಹಿಡಿದು ನಿಧಾನವಾಗಿ ಬಿಟ್ಟೆ. ನೆಟ್ಟಗೆ ಸುತ್ತಿಕೊಂಡಿತು.