ಕಾಯಿ ಹೆರೆಯುವ ಮೆಷಿನ್ ಜರ್ಮನಿಗೆ ಕಳಿಸುದಾದ್ರೆ: ಸಿಇ ಮಾರ್ಕ್ ಯಾರ ಮಂಡೆಬಿಸಿ?

ಸಿಇ ಅಂದ್ರೆ ಸಾಮಾನು ಯುರೋಪಿಯನ್ ಯೂನಿಯನ್ನಿನ ಕಾನೂನಿಗೆ ಸರಿ ಉಂಟು ಅಂತ ಹೇಳುವ ಗುರುತು. "ಸಿಇ ಸರ್ಟಿಫಿಕೇಟ್ ಎಲ್ಲಿ ಸಿಗ್ತದೆ, ಎಷ್ಟಾಗ್ತದೆ?" ಅಂತ ಈ ವರ್ಷ ಮೂರ್ನಾಲ್ಕು ಜನ ಕೇಳಿದ್ರು. ಎಲ್ಲಿಯೂ ಸಿಗುದಿಲ್ಲ ಮಾರಾಯ್ರೆ. ನಮ್ಮಂಥ ಮೆಷಿನ್‌ಗೆ ಅದು ಹೊರಗಿನವರು ಕೊಡುವ ಸರ್ಟಿಫಿಕೇಟೇ ಅಲ್ಲ, ಮೆಷಿನ್ ಮಾಡಿದವ ತಾನೇ ಟೆಸ್ಟ್ ಮಾಡಿ, ತಾನೇ ಫೈಲ್ ಬರ್ದು, ತಾನೇ ಸೈನ್ ಹಾಕಿ, ತಾನೇ ಗುರುತು ಒತ್ತುದು. ಕಾಸರಗೋಡಿನ ಬದಿಯಡ್ಕ ಹತ್ರ ನಮ್ಮದೊಂದು ಸಣ್ಣ ವರ್ಕ್‌ಶಾಪ್, ಹೋಟೆಲಿನವ್ರಿಗೆ ಕಾಯಿ ಹೆರೆಯುವ ಮೆಷಿನ್, ಟಿಲ್ಟಿಂಗ್ ಗ್ರೈಂಡರ್ ಮಾಡ್ತೇವೆ. ಮೊದಲ ಜರ್ಮನಿ ಆರ್ಡರಿಗೆ ನಾನು ಕೂಡ ಒಬ್ಬ ಏಜೆಂಟ್ ಹತ್ರ ಬಂಗಾರದ ಸೀಲ್ ಇದ್ದ ಕಾಗದ ದುಡ್ಡು ಕೊಟ್ಟು ತಗೊಂಡಿದ್ದೆ. ಅಲ್ಲಿಯ ಇಂಪೋರ್ಟರ್ ಅದನ್ನು ನೋಡಿ ಎರಡೇ ಪ್ರಶ್ನೆ ಕೇಳಿದ, ರಿಸ್ಕ್ ಅಸೆಸ್‌ಮೆಂಟ್ (ಎಲ್ಲಿ ಎಂಥ ಅಪಾಯ ಉಂಟು ಅಂತ ನೋಡಿ ಬರ್ದದ್ದು) ಎಲ್ಲಿ, ಡಿಕ್ಲರೇಶನ್‌ನಲ್ಲಿ (ಮೆಷಿನ್ ಕಾನೂನಿಗೆ ಸರಿ ಉಂಟು ಅಂತ ಮಾಡಿದವನೇ ಬರ್ದು ಕೊಡುವ ಕಾಗದ) ನಿಮ್ಮ ಸೈನ್ ಎಲ್ಲಿ ಅಂತ. ಎರಡೂ ಇರ್ಲಿಲ್ಲ.

ಹೊರಗಿನ ಸಂಸ್ಥೆ ಬೇಕಾಗಬಹುದು ಅಂತ ಇರುದು ಕೆಲವು ಮೆಷಿನ್‌ಗೆ ಮಾತ್ರ. ಮರ ಕೊಯ್ಯುವ ಸರ್ಕ್ಯುಲರ್ ಸಾ, ಕೈಯಲ್ಲಿ ಶೀಟ್ ಇಡುವ ಮೆಟಲ್ ಪ್ರೆಸ್, ಇಂಥದ್ದರ ಪಟ್ಟಿ ಮೆಷಿನ್‌ಗಳಿಗೆ ಇರುವ ಯುರೋಪಿನ ಕಾನೂನು, ಅಂದ್ರೆ ಮೆಷಿನರಿ ಡೈರೆಕ್ಟಿವ್ 2006/42/ಇಸಿಯ ನಾಲ್ಕನೇ ಅನೆಕ್ಸ್‌ನಲ್ಲಿ ಉಂಟು. ಕಾಯಿ ಹೆರೆಯುದು ಅದ್ರಲ್ಲಿ ಇಲ್ಲ. ಕಾನೂನು ಪ್ರಕಾರ ನೋಟಿಫೈಡ್ ಬಾಡಿ (ಪರೀಕ್ಷೆ ಮಾಡ್ಲಿಕ್ಕೆ ಅಲ್ಲಿಯ ಸರ್ಕಾರ ನೇಮಿಸಿದ ಹೊರಗಿನ ಸಂಸ್ಥೆ) ಬೇಕಾದ ಐಟಂ ಆದ್ರೆ ಆ ಬಾಡಿಗೆ ನಾಲ್ಕು ಅಂಕೆಯ ನಂಬರ್ ಇರ್ತದೆ, ಯುರೋಪಿಯನ್ ಕಮಿಷನ್ನಿನ ನ್ಯಾಂಡೋ ಡೇಟಾಬೇಸ್‌ನಲ್ಲಿ ಹುಡುಕಿದ್ರೆ ಸಿಗ್ಬೇಕು, ಸಿಗದಿದ್ರೆ ಏಜೆಂಟಿಗೆ ಚಾ ಕೊಟ್ಟು ಕಳಿಸಿ.

ಇನ್ನು ಯಾವ ಕಾನೂನು ಅಂತ. ಮನೆ ಬಳಕೆಯ ಸಣ್ಣ ಗ್ರೈಂಡರ್ ಆದ್ರೆ ಲೋ ವೋಲ್ಟೇಜ್ ಡೈರೆಕ್ಟಿವ್ 2014/35/ಇಯು, ಹೋಟೆಲಿನ ದೊಡ್ಡದಾದ್ರೆ ಮೆಷಿನರಿ ಡೈರೆಕ್ಟಿವ್. ನೋಡ್ಲಿಕ್ಕೆ ಒಂದೇ ಥರ ಇದ್ರೂ ದಾರಿ ಬೇರೆ, ಇದನ್ನು ತಪ್ಪಿದ್ರೆ ಮುಂದಿನ ಕಾಗದ ಎಲ್ಲ ತಪ್ಪು. ಜೊತೆಗೆ ಇಎಂಸಿ (ಬೇರೆ ಎಲೆಕ್ಟ್ರಿಕಲ್ ಸಾಮಾನಿಗೆ ತೊಂದರೆ ಕೊಡ್ಬಾರ್ದು ಅಂತ), ರೋಹ್ಸ್ (ಸೀಸದಂಥ ಹಾನಿಕರ ವಸ್ತು ಮಿತಿಯಲ್ಲಿರ್ಬೇಕು ಅಂತ) ಎರಡೂ ಬರ್ತವೆ, ರೋಹ್ಸ್‌ಗೆ ಮೋಟರ್, ವೈರ್, ಸ್ವಿಚ್ ಸಪ್ಲೈಯರ್ ಹತ್ರ ಲೆಟರ್ ತಗೊಂಡು ಫೈಲಿಗೆ ಹಾಕಿ. ತಿನ್ನುವ ವಸ್ತು ತಾಗುವ ಭಾಗಕ್ಕೆ 1935/2004 ರೆಗ್ಯುಲೇಶನ್ ಬೇರೆ ಉಂಟು. ಬರೀ ಎಸ್‌ಎಸ್ 304 ಸ್ಟೇನ್‌ಲೆಸ್ ಸ್ಟೀಲ್ ಹಾಕಿದ್ರೆ ಸಾಕಾಗುದಿಲ್ಲ, ವೆಲ್ಡಿಂಗ್ ಸಂದಿಯಲ್ಲಿ ಕಾಯಿತುರಿ ಕೂತು ಹುಳಿ ಬಂದ್ರೆ ಅದೂ ಮೆಷಿನ್ನಿನ ದೋಷವೇ.

ನಿಜವಾದ ಕೆಲಸ ಇರುದು ರಿಸ್ಕ್ ಅಸೆಸ್‌ಮೆಂಟ್‌ನಲ್ಲಿ. ಅದಕ್ಕಿರುವ ಸ್ಟ್ಯಾಂಡರ್ಡ್ ಇಎನ್ ಐಎಸ್ಓ 12100 ಹೇಳುದು ಇಷ್ಟೇ: ಮೊದಲು ಡಿಸೈನ್‌ನಲ್ಲೇ ಅಪಾಯ ತೆಗಿ, ಆಗದಿದ್ರೆ ಗಾರ್ಡ್ ಹಾಕು, ಅದಾದ ಮೇಲೂ ಉಳಿದದ್ದಕ್ಕೆ ಮಾತ್ರ ಎಚ್ಚರಿಕೆ ಬರಿ. ನಾವು ಮಾಡುದು ಸರೀ ಉಲ್ಟಾ, ಮೊದಲು ಸ್ಟಿಕ್ಕರ್. ನಮ್ಮ ಹಳೆ ಮೆಷಿನ್‌ನಲ್ಲಿ "ಗ್ಲೌಸ್ ಹಾಕಿ" ಅಂತ ಸ್ಟಿಕ್ಕರ್ ಇತ್ತು, ತಿರುಗುವ ಬ್ಲೇಡಿನ ಹತ್ರ ಗ್ಲೌಸ್ ಹಾಕಿದ್ರೆ ಬಟ್ಟೆ ಸಿಕ್ಕಿ ಕೈಯನ್ನೇ ಎಳ್ಕೊಂಡು ಹೋಗ್ತದೆ ಅಂತ ನಮಗೆ ಹೊಳೆದೇ ಇರ್ಲಿಲ್ಲ. ಆಮೇಲೆ ಒಂದು ದಿನ ಕೂತು ಅಡಿಗೆಯವ ಹೇಗೆ ಕೆಲಸ ಮಾಡ್ತಾನೆ ಅಂತ ಹೆಜ್ಜೆ ಹೆಜ್ಜೆಗೆ ಬರ್ದೆವು: ಕಡಿ (ಕಾಯಿಯ ಅರ್ಧ ಹೋಳು) ಹಿಡಿತಾನೆ, ಒತ್ತುತಾನೆ, ತಿರುಗಿಸ್ತಾನೆ, ಕೊನೆಗೆ ಚಿಪ್ಪು ತೆಳ್ಳಗಾದಾಗ ಬೆರಳು ಬ್ಲೇಡಿಗೆ ಹತ್ರ ಬರ್ತದೆ, ಅಷ್ಟೊತ್ತಿಗೆ ಯಾರೋ ಕರೀತಾರೆ, ತಲೆ ಆಚೆ ತಿರುಗ್ತದೆ. ಅಪಾಯ ಇರುದು ಆ ಕೊನೆಯ ಎರಡು ಸೆಕೆಂಡಿನಲ್ಲಿ. ಹಾಗಾಗಿ ಬ್ಲೇಡ್ ಸುತ್ತ ಕಡಿ ಮಾತ್ರ ಹೋಗುವಂಥ ಬಟ್ಟಲು ಗಾರ್ಡ್ ಹಾಕಿದೆವು, ಸ್ವಿಚ್ ತೆಗ್ದು ಕಾಲಿನ ಪೆಡಲ್ ಮಾಡಿದೆವು, ಕಾಲು ತೆಗೆದ್ರೆ ನಿಲ್ಬೇಕು. ಮೋಟರ್ ಆಫ್ ಆದ್ರೂ ಬ್ಲೇಡ್ ಸುಮಾರು ಹೊತ್ತು ತಿರುಗ್ತಾ ಇತ್ತು, ಅದಕ್ಕೆ ಬ್ರೇಕ್ ಮೋಟರ್.

ಮತ್ತೊಂದು ನಮ್ಮ ಊರಿನವ್ರಿಗೆ ಬೇಗ ಅರ್ಥ ಆಗುವಂಥದ್ದು. ಮಳೆಗಾಲದಲ್ಲಿ ಕರೆಂಟ್ ಹೋಗ್ತದೆ, ಅಷ್ಟೊತ್ತಿಗೆ ಬ್ಲೇಡಿನಲ್ಲಿ ಸಿಕ್ಕಿದ ತುರಿ ತೆಗಿಲಿಕ್ಕೆ ಕೈ ಹಾಕ್ತೀರಿ, ಕರೆಂಟ್ ಬರ್ತದೆ. ಕರೆಂಟ್ ವಾಪಸ್ ಬಂದಾಗ ಮೆಷಿನ್ ತನ್ನಷ್ಟಕ್ಕೆ ಸ್ಟಾರ್ಟ್ ಆಗ್ಲೇಬಾರ್ದು, ನೋ ವೋಲ್ಟ್ ರಿಲೀಸ್ ಸ್ವಿಚ್ ಬೇಕು. ಜರ್ಮನಿಯಲ್ಲಿ ಕರೆಂಟ್ ಎಲ್ಲಿ ಹೋಗ್ತದೆ ಅಂತ ವಾದ ಮಾಡ್ಬೇಡಿ, ಪ್ಲಗ್ ಎಳೆದು ಹಾಕಿದ್ರೂ ಅದೇ ಕಥೆ. ಎಲೆಕ್ಟ್ರಿಕಲ್ ಟೆಸ್ಟ್ ಇಎನ್ 60204-1 ಸ್ಟ್ಯಾಂಡರ್ಡ್ ಪ್ರಕಾರ: ಅರ್ತ್ ಕಂಟಿನ್ಯುಟಿ (ಅರ್ತ್ ವೈರ್ ಎಲ್ಲೂ ಕಡಿದಿಲ್ಲ ಅಂತ), ಮತ್ತೆ ಮೆಗ್ಗರ್‌ನಲ್ಲಿ (ಇನ್ಸುಲೇಶನ್ ಅಳೆಯುವ ಮೀಟರ್) 500 ವೋಲ್ಟ್ ಡಿಸಿ ಕೊಟ್ಟು ಇನ್ಸುಲೇಶನ್ ಕನಿಷ್ಠ 1 ಮೆಗಾ ಓಮ್. ರೀಡಿಂಗನ್ನು ಸೀರಿಯಲ್ ನಂಬರ್ ಜೊತೆ ಬರ್ದಿಡಿ, "ಓಕೆ" ಅಂತ ಟಿಕ್ ಹಾಕಿ ಬಿಡ್ಬೇಡಿ.

ಇದೆಲ್ಲ ಸೇರಿ ಆಗುದೇ ಟೆಕ್ನಿಕಲ್ ಫೈಲ್. ಡ್ರಾಯಿಂಗ್, ಸರ್ಕಿಟ್, ರಿಸ್ಕ್ ಅಸೆಸ್‌ಮೆಂಟ್, ಯಾವ ಸ್ಟ್ಯಾಂಡರ್ಡ್ ನೋಡಿದ್ದು, ಟೆಸ್ಟ್ ರಿಪೋರ್ಟ್, ಮ್ಯಾನ್ಯುವಲ್, ಡಿಕ್ಲರೇಶನ್ ಕಾಪಿ. ಇದನ್ನು ಗಿರಾಕಿಗೆ ಕಳಿಸ್ಬೇಕಂತ ಇಲ್ಲ, ಅಲ್ಲಿಯ ಸರ್ಕಾರಿ ಅಧಿಕಾರಿ ಕಾರಣ ಕೊಟ್ಟು ಕೇಳಿದ್ರೆ ತೋರಿಸ್ಬೇಕು, ಮತ್ತೆ ಆ ಮಾಡೆಲಿನ ಕೊನೆಯ ಪೀಸ್ ಮಾಡಿದ ದಿನದಿಂದ 10 ವರ್ಷ ಇಟ್ಕೊಳ್ಬೇಕು. ಡಿಕ್ಲರೇಶನ್‌ನಲ್ಲಿ ಈ ಫೈಲ್ ಒಟ್ಟು ಮಾಡಿ ಕೊಡ್ಲಿಕ್ಕೆ ಅಧಿಕಾರ ಇರುವ ಯುರೋಪಿಯನ್ ಯೂನಿಯನ್ ಒಳಗಿನ ಒಬ್ಬರ ಹೆಸರು ವಿಳಾಸ ಬೇಕು. ಅದಲ್ಲದೆ 2021 ಜುಲೈ 16ರಿಂದ 2019/1020 ರೆಗ್ಯುಲೇಶನ್ ಪ್ರಕಾರ ಜವಾಬ್ದಾರಿ ತಗೊಳ್ಳುವವ ಒಬ್ಬ ಅಲ್ಲಿ ಇರ್ಲೇಬೇಕು, ಇಂಪೋರ್ಟರ್ ಆದ್ರೂ ಆಯ್ತು. ಇದನ್ನು ಆರ್ಡರ್ ತಗೊಳ್ಳುವಾಗಲೇ ಬರವಣಿಗೆಯಲ್ಲಿ ಮಾಡ್ಕೊಳ್ಳಿ, ಕಂಟೇನರ್ ಹೋದ ಮೇಲೆ ಯಾರೂ ಫೋನ್ ಎತ್ತುದಿಲ್ಲ.

ಮೆಷಿನ್‌ಗೆ ಹೊಡಿಯುವ ಹೆಸರಿನ ಪ್ಲೇಟಿಗೆ ಬರುವ. ಕಂಪೆನಿ ಹೆಸರು, ಪೂರ್ತಿ ವಿಳಾಸ, ಮೆಷಿನ್ ಎಂಥದ್ದು, ಮಾಡೆಲ್, ಸೀರಿಯಲ್ ನಂಬರ್, ಕೆಲಸ ಮುಗಿದ ವರ್ಷ. ಡಿಸೆಂಬರಿನಲ್ಲಿ ಮುಗಿದದ್ದಕ್ಕೆ ಹೊಸತು ಕಾಣ್ಲಿ ಅಂತ ಮುಂದಿನ ವರ್ಷ ಹಾಕಿದ್ರೆ ತಪ್ಪು. ಸಿಇ ಅಕ್ಷರ ಕನಿಷ್ಠ 5 ಮಿಲಿಮೀಟರ್ ಎತ್ತರ, ಕಂಪೆನಿ ಹೆಸರಿನ ಹತ್ತಿರವೇ ಇರ್ಬೇಕು, ಹೆಸರು ಹೇಗೆ ಕೆತ್ತಿದ್ದೀರೋ ಹಾಗೇ ಅದೂ ಇರ್ಬೇಕು. ಹೆಸರು ಎಚಿಂಗ್, ಸಿಇ ಸ್ಟಿಕ್ಕರ್, ಅದು ನಡಿಯುದಿಲ್ಲ. ನಮಗೆ ಇಲ್ಲಿ ಆದ ತಮಾಷೆ ಎಂತ ಅಂದ್ರೆ ಪಂಚಾಯತ್ ಲೈಸನ್ಸ್ ಮಲಯಾಳದಲ್ಲಿ, ಬೋರ್ಡ್ ಕನ್ನಡದಲ್ಲಿ, ಜಿಎಸ್‌ಟಿ ಇಂಗ್ಲಿಷಿನಲ್ಲಿ, ಪ್ಲೇಟಿನಲ್ಲಿ "ಕಾಸರಗೋಡು", ಡಿಕ್ಲರೇಶನ್‌ನಲ್ಲಿ ಕೊನೆಯ ಉಕಾರ ಬಿಟ್ಟು "ಕಾಸರಗೋಡ್". ಇಂಪೋರ್ಟರ್ ಕೇಳಿದ, ಇದು ಎರಡು ಫ್ಯಾಕ್ಟರಿಯಾ? ಈಗ ಒಂದೇ ಸ್ಪೆಲ್ಲಿಂಗ್, ಇನ್ವಾಯ್ಸಿನವರೆಗೂ.

ಮ್ಯಾನ್ಯುವಲ್ ಆ ದೇಶದ ಭಾಷೆಯಲ್ಲಿ ಇರ್ಬೇಕು, ಜರ್ಮನಿಗೆ ಜರ್ಮನ್. ಜೊತೆಗೆ ನಮ್ಮ ಮೂಲ ಇಂಗ್ಲಿಷ್ ಪ್ರತಿ, ಯಾವುದು ಮೂಲ ಯಾವುದು ಅನುವಾದ ಅಂತ ಮೇಲೆ ಬರ್ದು. ಅರ್ಥ ಆಗದ ಭಾಷೆಯಲ್ಲಿ ಫಾರ್ಮ್ ಬಂದಾಗ ಎಷ್ಟು ಸಿಟ್ಟು ಬರ್ತದೆ ಅಂತ ನಮ್ಮ ಜಿಲ್ಲೆಯವ್ರಿಗೆ ನಾನು ಹೇಳ್ಬೇಕಾ?

2027 ಜನವರಿ 20ರಿಂದ ಮೆಷಿನರಿ ಡೈರೆಕ್ಟಿವ್ ಬದಲು ಮೆಷಿನರಿ ರೆಗ್ಯುಲೇಶನ್ 2023/1230 ಬರ್ತದೆ, ಆಮೇಲಿನ ಡಿಕ್ಲರೇಶನ್‌ಗಳಲ್ಲಿ ಆ ನಂಬರ್ ಹಾಕ್ಬೇಕು. ಗಲ್ಫಿಗೆ, ಅಮೆರಿಕಕ್ಕೆ ಸಿಇ ಅಂತ ಹೋದ್ರೆ ಆಗುದಿಲ್ಲ, ಅಲ್ಲಿಯ ಲೆಕ್ಕ ಬೇರೆ.

ಮೊನ್ನೆ ನಮ್ಮ ಸಪ್ಲೈಯರ್ ಹೇಳದೆ ಕೇಳದೆ ಪೆಡಲ್ ಸ್ವಿಚ್ಚಿನ ಮಾಡೆಲ್ ಬದಲಾಯಿಸಿ ಕಳಿಸಿದ, ನೋಡ್ಲಿಕ್ಕೆ ಅದೇ, ಬೆಲೆಯೂ ಅದೇ. ಫಿಟ್ ಮಾಡುವ ಹುಡುಗ "ಎಂತ ಆಗುದಿಲ್ಲ ಅಣ್ಣಾ" ಅಂದ. ಒಂದು ಮೆಷಿನ್‌ಗೆ ಹಾಕಿ ಕಾಲು ತೆಗ್ದು ನೋಡಿದೆವು, ಹತ್ತು ಸಲದಲ್ಲಿ ಒಂದು ಸಲ ಪೆಡಲ್ ಕೆಳಗೇ ಸಿಕ್ಕಿ ನಿಂತಿತು. ಲಾಟ್ ಪೂರ್ತಿ ವಾಪಸ್ ಕಳಿಸಿ, ಹಳೆ ಮಾಡೆಲ್ ಬರುವವರೆಗೆ ಆ ವಾರ ಗ್ರೈಂಡರ್ ಮಾತ್ರ ಕಟ್ಟಿದೆವು.