ರೊಟ್ಟಿ ನಿಮ್ಮದು, ಲೇಬಲ್ ಯಾರದು?

ಹುಬ್ಬಳ್ಳಿಯಲ್ಲಿ ಮನೆಯಲ್ಲೇ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುವವರು ಮೊದಲು ಓಡುವುದು ಪ್ರಿಂಟಿಂಗ್ ಅಂಗಡಿಗೆ. ವಕೀಲರು ನೆನಪಾಗುವುದು ಪಕ್ಕದ ಓಣಿಯವರು ಅದೇ ಹೆಸರಿನ ಪ್ಯಾಕೆಟ್ ಇಳಿಸಿದಾಗ. ಇದು ಉಲ್ಟಾ ಆಗಬೇಕು.

ಮೊದಲು ಹೆಸರು. ‘ಧಾರವಾಡ ಪೇಢಾ’, ‘ಬ್ಯಾಡಗಿ ಮೆಣಸಿನಕಾಯಿ’ಗೆ ಜಿಐ ಟ್ಯಾಗ್, ಅಂದರೆ ಆ ಊರಿನ ಸಾಮಾನು ಎಂಬ ಭೌಗೋಳಿಕ ಗುರುತು ಇದೆ. ಒಬ್ಬರೇ ಅವನ್ನು ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಬರುವುದಿಲ್ಲ. ‘ರುಚಿ ರೊಟ್ಟಿ’ ಥರದ ಬಣ್ಣನೆಯೂ ನಿಲ್ಲುವುದು ಕಷ್ಟ. ಸಾಮಾನಿಗೂ ಹೆಸರಿಗೂ ಸಂಬಂಧ ಕಡಿಮೆ ಇದ್ದಷ್ಟೂ ಗಟ್ಟಿ. ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ವೆಬ್‌ಸೈಟಿನಲ್ಲಿ ಪುಕ್ಕಟೆ ಹುಡುಕಿ ನೋಡಿ. ಸ್ಪೆಲ್ಲಿಂಗ್ ಬೇರೆ, ಉಚ್ಚಾರ ಒಂದೇ ಎನ್ನುವ ಹೆಸರುಗಳನ್ನೂ ಬಿಡಬೇಡಿ.

ಆಮೇಲೆ ಟ್ರೇಡ್‌ಮಾರ್ಕ್ ನೋಂದಣಿಗೆ ಟಿಎಂ-ಎ ಎಂಬ ಅರ್ಜಿ. ಅದರಲ್ಲಿ ಸಾಮಾನುಗಳನ್ನು ಕ್ಲಾಸುಗಳಾಗಿ ವಿಂಗಡಿಸಿರುತ್ತಾರೆ, ರೊಟ್ಟಿ ಬರುವುದು 30ನೇ ಕ್ಲಾಸಿನಲ್ಲಿ. ಒಬ್ಬ ವ್ಯಕ್ತಿ ಆನ್‌ಲೈನ್‌ನಲ್ಲಿ ಹಾಕಿದರೆ ಕ್ಲಾಸಿಗೆ 4,500 ರೂಪಾಯಿ. ಈಗಾಗಲೇ ಮಾರುತ್ತಿದ್ದರೆ ಯಾವತ್ತಿನಿಂದ ಎಂದು ಅಫಿಡವಿಟ್ ಕೊಡಬೇಕು, ಜೊತೆಗೆ ಹಳೆ ಬಿಲ್ಲು. ಹಳೆ ಬಿಲ್ ಬುಕ್ ರದ್ದಿಗೆ ಹಾಕುವ ಚಟ ನಮಗೆಲ್ಲ ಇದೆ, ಅಲ್ವಾ?

ಜಾಸ್ತಿ ಜನ ಎಡವುವುದು ಲೇಬಲ್‌ನಲ್ಲಿ. ನನ್ನ ತಂಗಿಯದೂ ಅದೇ ಕಥೆ. ರೊಟ್ಟಿ ಬಡಿಯುವ ಅಜ್ಜಿಯ ಚಿತ್ರ, ಕೆಳಗೆ ಓರೆ ಅಕ್ಷರದ ಹೆಸರು. ‘ದುಡ್ಡು ಕೊಟ್ಟೀನಲ್ಲ, ನಂದೇ’ ಎಂದು ಬಿಲ್ ತೋರಿಸಿದಳು. ಅದರಲ್ಲಿದ್ದದ್ದು ಒಂದೇ ಸಾಲು: ‘ಲೇಬಲ್ ಡಿಸೈನ್, 800’. ಹೊರಗಿನ ಡಿಸೈನರ್ ಮಾಡಿದ ಲೋಗೋದ ಕಾಪಿರೈಟ್ ಸಾಮಾನ್ಯವಾಗಿ ಅವನಲ್ಲೇ ಉಳಿಯುತ್ತದೆ. ಅದು ನಿಮ್ಮ ಕೈಗೆ ಬರಲು ಅವನ ಸಹಿ ಇರುವ ಬರಹ ಬೇಕು. ಎಷ್ಟು ವರ್ಷಕ್ಕೆ ಎಂದು ಅದರಲ್ಲಿ ಬರೆಯದಿದ್ದರೆ ಕಾಯ್ದೆ ಹಿಡಿಯುವುದು ಬರೀ 5 ವರ್ಷ. ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ದುಬೈಗೆ ರೊಟ್ಟಿ ಕಳಿಸುವ ಆಸೆ ಇದ್ದವರು ನೆನಪಿಡಿ. ತಂಗಿ ಮರುದಿನವೇ ಚಹಾ ಕುಡಿಸಿ ಸಹಿ ಹಾಕಿಸಿಕೊಂಡಳು.

ಉಳಿದದ್ದು ತಾರೀಖಿನ ಲೆಕ್ಕ. ರಿಜಿಸ್ಟ್ರಿಯಿಂದ ಆಕ್ಷೇಪದ ವರದಿ ಬಂದರೆ 30 ದಿನದಲ್ಲಿ ಉತ್ತರ. ರಿಜಿಸ್ಟ್ರಿ ಹೊರಡಿಸುವ ಜರ್ನಲ್‌ನಲ್ಲಿ ಹೆಸರು ಬಂದ ಮೇಲೆ ಬೇರೆಯವರ ತಕರಾರಿಗೆ 4 ತಿಂಗಳು. ನೋಂದಣಿ ಆದರೆ 10 ವರ್ಷ, ಮತ್ತೆ ನವೀಕರಣ. ನೋಂದಣಿ ಆಗುವವರೆಗೆ ಪ್ಯಾಕೆಟ್ ಮೇಲೆ ‘ಟಿಎಂ’ ಹಾಕಿ. ವೃತ್ತದೊಳಗಿನ ‘ಆರ್’ ಸುಮ್ನೆ ಹಾಕಿದರೆ ದಂಡ ಬೀಳುತ್ತದೆ.

ನೋಂದಣಿಯಾದ ಹೆಸರನ್ನು ಯಾರಾದರೂ ನಕಲು ಮಾಡಿದರೆ ನೀವು ವ್ಯಾಪಾರ ನಡೆಸುವ ಜಿಲ್ಲೆಯ ಕೋರ್ಟಿನಲ್ಲೇ ದಾವೆ ಹೂಡಬಹುದು. ವಕೀಲರ ಬಳಿ ಹೋಗುವಾಗ ಬಿಲ್ ಬುಕ್, ಡಿಸೈನರ್ ಸಹಿಯ ಕಾಗದ, ನಕಲಿಯದೊಂದು ಪ್ಯಾಕೆಟ್, ನಿಮ್ಮದೊಂದು ಪ್ಯಾಕೆಟ್ ಒಯ್ಯಿರಿ. ನಿಮ್ಮದರಲ್ಲಿ ರೊಟ್ಟಿ ಇದ್ದರೆ ಇನ್ನೂ ಒಳ್ಳೆಯದು.